ಹೇಳಿಕೆ ಕೊಟ್ಟವರು: ತಾಯಿ

ಆ ಮಂಗಳವಾರ ಮುನಿತಾಯಮ್ಮನ ದೋಸೆ ಹಿಟ್ಟು ಹತ್ತೊಂಬತ್ತು ಪ್ಯಾಕೆಟ್ ಉಳಿಯಿತು. ಕಾಮಾಕ್ಷಿಪಾಳ್ಯದ ಆ ಅಡ್ಡರಸ್ತೆಯಲ್ಲಿ ಅವಳು ಹಿಟ್ಟು ಮಾರಲು ಶುರು ಮಾಡಿ ಹನ್ನೊಂದು ವರ್ಷವಾಗಿತ್ತು. ಬೆಳಿಗ್ಗೆ ಆರಕ್ಕೆ ಬಾಗಿಲು ತೆರೆದು ಮೆಟ್ಟಿಲ ಮೇಲೆ ನೀಲಿ ಕ್ರೇಟ್ ಇಟ್ಟರೆ ಎಂಟರೊಳಗೆ ಅದರ ತಳ ಕಾಣಬೇಕು, ಅದು ವಾಡಿಕೆ. ಮೋಡ ಮುಚ್ಚಿದ ದಿನ ಹಿಟ್ಟು ಸರಿಯಾಗಿ ಹುಳಿ ಬರುವುದಿಲ್ಲವೆಂದು ಜನ ಹಿಂಜರಿದಿರಬೇಕು ಅಂದುಕೊಂಡು ಒಂಬತ್ತೂವರೆಗೆ ಕ್ರೇಟನ್ನು ಒಳಗೆ ಎಳೆದುಕೊಂಡಳು.

“ಬೆಳಿಗ್ಗೆ ದೋಸೆ, ಮಧ್ಯಾಹ್ನ ಪಡ್ಡು, ಸಾಯಂಕಾಲ ಊತಪ್ಪ,” ಎಂದಳು ಮೊಮ್ಮಗಳು ನಿಖಿತಾ, ಕಾಲೇಜಿನ ಬ್ಯಾಗು ಹೆಗಲಿಗೇರಿಸುತ್ತಾ. “ಅಜ್ಜಿ, ನಮ್ಮನೇಲೇ ಒಂದು ದರ್ಶಿನಿ ಓಪನ್ ಮಾಡಬಹುದು.”

“ಬಾಯಿ ಮುಚ್ಕೊಂಡು ಹೋಗೇ. ಬಸ್ ತಪ್ಪುತ್ತೆ.”

ಒಳಗೆ ಮಂಚದ ಮೇಲೆ ಕಾಂತರಾಜು ಬಲಗೈಯನ್ನು ದಿಂಬಿನ ಮೇಲೆ ಎತ್ತಿಟ್ಟುಕೊಂಡು ಕೂತಿದ್ದ. ಮುನಿತಾಯಮ್ಮನ ಒಬ್ಬನೇ ಮಗ, ನಲವತ್ತನಾಲ್ಕು ವರ್ಷ. ಹದಿನೇಳು ದಿನದ ಹಿಂದೆ, ಮೂರು ಬೀದಿ ಆಚೆಯ ವರ್ಕ್‌ಶಾಪಿನಲ್ಲಿ, ಪವರ್ ಪ್ರೆಸ್ಸು ಅವನ ಬಲಗೈಯ ತೋರುಬೆರಳು, ನಡುಬೆರಳು, ಉಂಗುರದ ಬೆರಳನ್ನು ತೆಗೆದಿತ್ತು. ಕಾಲಲ್ಲಿ ಪೆಡಲ್ ತುಳಿದರೆ ಮೇಲಿನ ಅಚ್ಚು ಬಂದು ತಗಡಿನ ಮೇಲೆ ಬೀಳುವ ಯಂತ್ರ ಅದು. ಒಂದು ಸಲ ತುಳಿದರೆ ಒಂದೇ ಸಲ ಬೀಳಬೇಕು. ಒಳಗಿನ ಸ್ಪ್ರಿಂಗ್ ಸವೆದಿದ್ದರೆ ಒಮ್ಮೊಮ್ಮೆ ತಾನಾಗಿ ಎರಡನೇ ಸಲವೂ ಬೀಳುತ್ತದೆ. ಪ್ರೆಸ್ ಕೆಲಸದವರು ಇದಕ್ಕೆ ‘ಡಬಲ್ ಹೊಡೆಯೋದು’ ಅನ್ನುತ್ತಾರೆ. ಅದು ಡಬಲ್ ಹೊಡೆಯುತ್ತಿದೆಯೆಂದು ಕಾಂತರಾಜು ಒಂದು ವಾರ ಮೊದಲೇ ಹೇಳಿದ್ದ. ಈ ಆರ್ಡರ್ ಮುಗಿಯಲಿ ಎಂದಿದ್ದ ಮಾಲೀಕ. ಮಾಲೀಕನೆಂದರೆ ಹೊರಗಿನವನಲ್ಲ, ಭೈರೇಶ. ಮುನಿತಾಯಮ್ಮನ ತಮ್ಮ ಚಿಕ್ಕಹನುಮಯ್ಯನ ಮಗ.

ಬುಧವಾರ ಇಪ್ಪತ್ತಾರು ಪ್ಯಾಕೆಟ್ ಉಳಿಯಿತು. ಗುರುವಾರ ಮುನಿತಾಯಮ್ಮ ಕ್ರೇಟನ್ನು ಬಾಗಿಲಲ್ಲೇ ಬಿಟ್ಟು, ಎದುರು ಕಟ್ಟಡದ ಮೊದಲ ಮಹಡಿಗೆ ಹತ್ತಿದಳು. ಅಲ್ಲಿನ ಗಿರಿಜಾದೇವಿ ದಾವಣಗೆರೆ ಕಡೆಯವರು, ದಿನಕ್ಕೆ ಎರಡು ಪ್ಯಾಕೆಟ್ ತಪ್ಪಿಸಿದವರಲ್ಲ.

“ಹುಷಾರಿಲ್ವಾ ಗಿರಿಜಮ್ಮ? ಮೂರು ದಿನದಿಂದ ಬಂದಿಲ್ಲ.”

ಗಿರಿಜಾದೇವಿ ಸೆರಗಿಗೆ ಕೈ ಒರೆಸಿಕೊಂಡರು. ಒಳಗೆ ಬನ್ನಿ ಎನ್ನಲಿಲ್ಲ. “ತಪ್ಪು ತಿಳೀಬ್ಯಾಡ್ರಿ. ನಂಗೇನಿಲ್ಲ. ನಮ್ಮ ಮನೆಯವ್ರಿಗೆ ದೋಸೆ ಗಂಟಲಲ್ಲಿ ಇಳೀವಲ್ದು.”

“ಯಾಕೆ, ಹುಳಿ ಜಾಸ್ತಿ ಆಗಿತ್ತಾ?”

“ಹುಳಿ ಅಲ್ರಿ. ನಿಮ್ಮ ಮಗನ ಬೆರಳು ಆ ಗ್ರೈಂಡರಿನಾಗೇ ಹೋದ್ವಂತಲ್ಲ. ಬೀದಿಯೆಲ್ಲ ಅದೇ ಮಾತು.”

ಮುನಿತಾಯಮ್ಮ ಕಂಬಿ ಹಿಡಿದುಕೊಂಡಳು. “ಯಾರು ಹೇಳಿದ್ದು?”

“ಟೀ ಅಂಗಡಿಯಾಗೆ ನಿಮ್ಮ ತಮ್ಮನ ಮಗನೇ ಹೇಳಿದ್ನಂತೆ. ಆಸ್ಪತ್ರೆಯಾಗೆ ನೀವೂ ಹಂಗೇ ಹೇಳಿದ್ರಿ ಅಂತ.”

ಹೇಳಿದ್ದು ಹೌದು. ಆವತ್ತು ಆಟೋದಲ್ಲಿ ಕಾಂತರಾಜು ಅವಳ ತೊಡೆಯ ಮೇಲೆ ತಲೆಯಿಟ್ಟು ನರಳುತ್ತಿದ್ದ. ಎದುರಿಗೆ ಬಾಗಿ ಕೂತ ಭೈರೇಶನ ಕೈಯಲ್ಲಿ ಐಸ್ ತುಂಬಿದ ಕವರು, ಅದರೊಳಗೆ ಬೆರಳು. “ಅತ್ತೆ, ಫ್ಯಾಕ್ಟರಿ ಅಂದ್ರೆ ಪೊಲೀಸ್ ಕೇಸ್ ಆಗುತ್ತೆ. ಅವರು ಬಂದು ಬರ್ಕೊಂಡು ಹೋಗೋವರೆಗೂ ಡಾಕ್ಟರ್ ಮುಟ್ಟಲ್ಲ. ಮನೇಲಿ ಆಯ್ತು ಅನ್ನು,” ಎಂದಿದ್ದ. ನರ್ಸಿಂಗ್ ಹೋಮಿನ ಟೇಬಲ್ಲಿನಲ್ಲಿ ಹುಡುಗಿ ಪೆನ್ನು ಹಿಡಿದು ‘ಮನೇಲಿ ಹೇಗಾಯ್ತು’ ಎಂದು ಕೇಳಿದಾಗ ಮುನಿತಾಯಮ್ಮನ ಬಾಯಿಗೆ ಬಂದ ಯಂತ್ರ ಒಂದೇ. ಅವಳ ಮನೆಯಲ್ಲಿ ಇದ್ದದ್ದೂ ಅದೊಂದೇ.

“ಕಲ್ಲು ಬದಲಾಯಿಸಿದೀವಿ ಗಿರಿಜಮ್ಮ. ಹೊಸ ಕಲ್ಲು,” ಎಂದಳು ಈಗ.

ಹಾಗೆ ಹೇಳಿ ಮೆಟ್ಟಿಲಿಳಿಯುವಾಗ ಇದ್ದ ಒಂದು ಅನುಮಾನವನ್ನೂ ತಾನೇ ಗಟ್ಟಿ ಮಾಡಿ ಬಂದೆ ಎಂದು ತಿಳಿಯಿತು. ಮರುದಿನ ಮೂವತ್ತು ಪ್ಯಾಕೆಟ್ ಉಳಿಯಿತು.

ಭಾನುವಾರ ಭೈರೇಶ ಬಂದ. ಒಂದು ಕೈಯಲ್ಲಿ ಮೂಸಂಬಿ, ಇನ್ನೊಂದರಲ್ಲಿ ಮೇಕೆ ಕಾಲು.

“ಭಾವ, ಕಾಲು ಸೂಪ್ ಕುಡೀರಿ. ಗಾಯ ಬೇಗ ಮಾಗುತ್ತೆ.”

“ಕಾಲು ಕುಡಿದ್ರೆ ಕೈ ಬರುತ್ತೇನೋ?” ಎಂದ ಕಾಂತರಾಜು. ಭೈರೇಶ ನಕ್ಕ. ಕಾಂತರಾಜು ನಗಲಿಲ್ಲ.

ಸೊಸೆ ರಮ್ಯ ನಲ್ಲಿ ಹತ್ತಿರ ಯೂನಿಫಾರ್ಮ್ ಉಜ್ಜುತ್ತಿದ್ದಳು. ಮಾಗಡಿ ರಸ್ತೆಯ ಗಾರ್ಮೆಂಟ್ಸಿನಲ್ಲಿ ಹದಿನಾಲ್ಕು ವರ್ಷದಿಂದ ಟೈಲರು. ವಾರದ ಬಟ್ಟೆಗೆಲ್ಲ ಭಾನುವಾರವೇ ಗತಿ. ಭೈರೇಶ ಜೇಬಿನಿಂದ ಮಡಿಚಿದ ಕಾಗದ ತೆಗೆಯುತ್ತಲೇ ಅವಳು ಕೈ ಒರೆಸಿಕೊಂಡು ಒಳಗೆ ಬಂದಳು.

“ಏನಪ್ಪಾ ಅದು?”

“ಏನಿಲ್ಲಕ್ಕ. ಮೂರು ತಿಂಗಳ ಸಂಬಳ ಕೊಡ್ತೀನಿ, ಆಮೇಲೆ ಭಾವನಿಗೆ ಪ್ಯಾಕಿಂಗ್ ಕೆಲಸ. ಅದಕ್ಕೊಂದು ಸೈನ್.”

ರಮ್ಯ ಗಟ್ಟಿಯಾಗಿ ಓದಿದಳು. “ಮನೆಯಲ್ಲಿ ಹಿಟ್ಟು ರುಬ್ಬುವಾಗ ಆದ ಆಕಸ್ಮಿಕದಿಂದ ಬಳಲುತ್ತಿರುವ ನನಗೆ, ಮಾಲೀಕರು ಮಾನವೀಯ ದೃಷ್ಟಿಯಿಂದ ಸಹಾಯ ಮಾಡಿರುತ್ತಾರೆ.”

“ಹಿಟ್ಟು ರುಬ್ಬುವಾಗಾ?” ಕಾಂತರಾಜು ನೆಟ್ಟಗೆ ಕೂತ. “ಆ ಗ್ರೈಂಡರ್ ಸ್ವಿಚ್ ಮುಟ್ಟಕ್ಕೂ ಅವ್ವ ನನ್ನ ಬಿಟ್ಟಿಲ್ಲ. ಉಪ್ಪು ಹಾಕು ಅಂತ ಸಹ ಹೇಳಿಲ್ಲ.”

“ಫಾರ್ಮಾಲಿಟಿ ಭಾವ. ಆಸ್ಪತ್ರೆ ಕಾಗದದಲ್ಲಿ ಹಂಗೇ ಇದೆಯಲ್ಲ. ಅದಕ್ಕೆ ಮ್ಯಾಚ್ ಆಗ್ಬೇಕು.”

“ಹಂಗೆ ಬರೆಸಿದ್ದು ಯಾರು?” ಎಂದಳು ರಮ್ಯ.

ಭೈರೇಶ ಮುನಿತಾಯಮ್ಮನ ಕಡೆ ನೋಡಿದ. ಒಲೆ ಮೇಲೆ ಟೀ ಉಕ್ಕುವ ಹಾಗಿರಲಿಲ್ಲ. ಆದರೂ ಮುನಿತಾಯಮ್ಮ ಎದ್ದು ಅಡುಗೆಮನೆಗೆ ಹೋದಳು. ಅವಳ ಬೆನ್ನ ಹಿಂದೆ ಮಾತು ಮುಂದುವರಿಯಿತು.

“ನೀನೇ ತಾನೇ ಬರೆಸಿದ್ದು? ನಮ್ಮ ಗಾರ್ಮೆಂಟ್ಸಲ್ಲಿ ಸೂಜಿ ಚುಚ್ಚಿದ್ರೂ ರಿಜಿಸ್ಟರಲ್ಲಿ ಬರೀತಾರೆ. ಇದು ಮೂರು ಬೆರಳು. ನಮಗೆ ಸಹಾಯ ಬೇಡ ಭೈರೇಶ, ಪರಿಹಾರ ಕೊಡು.”

“ಎರಡೂ ಒಂದೇ ಅಲ್ವಾ ಅಕ್ಕ?”

“ಒಂದೇ ಆಗಿದ್ರೆ ನೀನು ಪರಿಹಾರ ಅಂತಲೇ ಬರ್ಕೊಂಡು ಬರ್ತಿದ್ದೆ.”

ಟೀ ಕುಡಿಯದೆ ಭೈರೇಶ ಎದ್ದು ಹೋದ. ಕಾಗದವನ್ನು ಮೇಜಿನ ಮೇಲೇ ಬಿಟ್ಟಿದ್ದ. ರಮ್ಯ ಅದನ್ನು ನಾಲ್ಕಾಗಿ ಹರಿದಳು. ನಿಖಿತಾ ಫೋಟೋ ತೆಗೆದಿಟ್ಟುಕೊಂಡಿದ್ದಳು.

“ಯಾವಾಗ ತೆಗ್ದೆ?”

“ನೀನು ಓದ್ತಾ ಇದ್ಯಲ್ಲ, ಆಗ.”

ಮರುವಾರ ರಮ್ಯ ಎರಡು ದಿನ ರಜೆ ಹಾಕಿ ಗಂಡನನ್ನು ಕರೆದುಕೊಂಡು ಲೇಬರ್ ಆಫೀಸಿಗೆ ಅಲೆದಳು. ಅಲ್ಲಿನ ಅಧಿಕಾರಿ ಸೌಮ್ಯಶ್ರೀ ಎಂಬ ಹೆಂಗಸು, ಕಾಗದಗಳನ್ನೆಲ್ಲ ಓದಿದರು. ಭೈರೇಶನ ವರ್ಕ್‌ಶಾಪಿನಲ್ಲಿ ಇರುವುದೇ ಏಳು ಜನ, ಹಾಗಾಗಿ ಇಎಸ್‌ಐ ವಿಮೆ ಇಲ್ಲ; ಪರಿಹಾರವನ್ನು ಮಾಲೀಕನೇ ಕೊಡಬೇಕು. ಕೊಡದಿದ್ದರೆ ಕೋರ್ಟಿಗೆ ಅರ್ಜಿ. ಆದರೆ ಅಪಘಾತ ಕೆಲಸದ ಜಾಗದಲ್ಲೇ ಆಯಿತು ಎನ್ನುವುದಕ್ಕೆ ಆಧಾರ ಬೇಕು, ಇಲ್ಲಿ ಇರುವ ಒಂದೇ ಆಧಾರ ‘ಮನೆ’ ಎನ್ನುತ್ತಿದೆ. ಈ ಹೇಳಿಕೆ ಕೊಟ್ಟವರು ಯಾರೋ ಅವರೇ ಬಂದು ತಪ್ಪಾಯಿತು ಎಂದರೆ ದಾರಿಯಿದೆ. ಆಸ್ಪತ್ರೆಯಿಂದ ಪೂರ್ತಿ ಕೇಸ್ ಶೀಟ್ ತನ್ನಿ ಎಂದರು.

ಕೇಸ್ ಶೀಟ್ ಬಂದದ್ದು ಶುಕ್ರವಾರ. ಸಾಯಂಕಾಲ ಬೇಗನೆ ಊಟಕ್ಕೆ ಕೂತಿದ್ದರು. ರಾಗಿ ಮುದ್ದೆ, ಬಸ್ಸಾರು. ಮುದ್ದೆ ಮುರಿಯಲು ಬೇಕಾದ ಬೆರಳುಗಳೇ ಕಾಂತರಾಜುವಿಗೆ ಇರಲಿಲ್ಲ. ಚಮಚಕ್ಕೆ ಅದು ಅಂಟಿಕೊಳ್ಳುತ್ತದೆ. ಅದಕ್ಕೇ ಮುನಿತಾಯಮ್ಮ ದಿನವೂ ಮುದ್ದೆಯನ್ನು ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ ಅವನ ತಟ್ಟೆಗೆ ಜೋಡಿಸುತ್ತಿದ್ದಳು. ಅವನು ಎಡಗೈಯಲ್ಲಿ ಒಂದೊಂದನ್ನೇ ಸಾರಿನಲ್ಲಿ ಅದ್ದಿ ನುಂಗುತ್ತಿದ್ದ.

ನಿಖಿತಾ ಎರಡನೇ ಪಿಯುಸಿ, ಸೈನ್ಸು. ತಟ್ಟೆ ಪಕ್ಕದಲ್ಲಿ ಕೇಸ್ ಶೀಟ್ ಹರಡಿಕೊಂಡು ಎಕ್ಸ್‌ರೇಯನ್ನು ಟ್ಯೂಬ್‌ಲೈಟಿಗೆ ಹಿಡಿದಳು.

“ಇದು ಗ್ರೈಂಡರ್ ಆಗೋಕೆ ಸಾಧ್ಯನೇ ಇಲ್ಲ. ನೋಡು ಅಮ್ಮ, ಮೂರು ಮೂಳೆನೂ ಒಂದೇ ಗೆರೆಲಿ ಕಟ್ ಆಗಿದೆ, ಸ್ಕೇಲ್ ಇಟ್ಟ ಹಂಗೆ. ಗ್ರೈಂಡರ್ ಕಲ್ಲು ಉರುಳುತ್ತೆ, ಜಜ್ಜುತ್ತೆ. ಕತ್ತರಿಸಲ್ಲ.”

“ಅದನ್ನ ಯಾರು ಹೇಳಿದ್ರು ಅಂತ ನೋಡು ಮೊದ್ಲು,” ಎಂದಳು ರಮ್ಯ. “ಭೈರೇಶನ ಹೆಸರು ಇರುತ್ತೆ.”

ನಿಖಿತಾ ಹಾಳೆ ತಿರುವಿದಳು. ಒಂದು ಕಡೆ ಬೆರಳಿಟ್ಟಳು. ಓದಲಿಲ್ಲ.

“ಓದೇ.”

“ಹಿಸ್ಟರಿ ಗಿವನ್ ಬೈ, ಮದರ್.”

“ಅಂದ್ರೆ?”

“ಹೇಳಿಕೆ ಕೊಟ್ಟವರು, ತಾಯಿ.”

ಯಾರ ತಾಯಿ ಎಂದು ಕೇಳುವ ಅಗತ್ಯ ಯಾರಿಗೂ ಬೀಳಲಿಲ್ಲ. ಮುನಿತಾಯಮ್ಮ ಕೈಯಲ್ಲಿದ್ದ ಉಂಡೆಯನ್ನು ಉರುಳಿಸುತ್ತಲೇ ಇದ್ದಳು.

“ಅವ್ವಾ, ನೀನಾ?” ಎಂದ ಕಾಂತರಾಜು.

“ಬೆರಳು ಐಸಲ್ಲಿತ್ತು ಕಣೋ. ಪೊಲೀಸ್ ಬರೋವರೆಗೂ ಮುಟ್ಟಲ್ಲ ಅಂದ ಅವನು. ಬೇಗ ಕೂರಿಸ್ಲಿ ಅಂತ ಹೇಳ್ದೆ.”

“ಸ್ಟ್ರೆಚರ್ ಮೇಲೆ ಪ್ರೆಸ್ಸು ಡಬಲ್ ಹೊಡೀತು, ಪ್ರೆಸ್ಸು ಡಬಲ್ ಹೊಡೀತು ಅಂತ ಬಡ್ಕೋತಾ ಇದ್ದೆ ನಾನು. ನರ್ಸು ಮಾತಾಡ್ಬೇಡಿ ಅಂದ್ಲು. ನೀನು ಅಲ್ಲಿ ಟೇಬಲ್ ಹತ್ರ ಇದನ್ನ ಹೇಳ್ತಿದ್ಯಾ?”

“ಬೆರಳು ಕೂರಲ್ಲ ಅಂತ ಡಾಕ್ಟರ್ ಅವತ್ತು ಸಾಯಂಕಾಲನೇ ಹೇಳಿದ್ರಲ್ಲ ಅತ್ತೆ,” ಎಂದಳು ರಮ್ಯ. ದನಿ ಏರಿಸಲಿಲ್ಲ. “ಆಮೇಲೆ ಒಂದು ತಿಂಗಳಾಯ್ತು. ನಾನು ಭೈರೇಶನ್ನ ಬಾಯಿಗೆ ಬಂದಂಗೆ ಅಂದೆ, ನೀವು ಅಡುಗೆಮನೇಲಿ ನಿಂತು ಕೇಳಿಸ್ಕೊಂಡ್ರಿ. ಒಂದು ದಿನನಾದ್ರೂ ಬಾಯಿ ಬಿಡಬಹುದಿತ್ತು.”

“ಏನಂತ ಬಿಡ್ಲಿ?”

“ಈಗ ಬಿಡಿ. ಲೇಬರ್ ಆಫೀಸಿಗೆ ಬಂದು ಹೇಳಿ.”

“ನನ್ನ ತಮ್ಮನ ಮಗನ ಮೇಲೆ ನಾನೇ ಹೋಗಿ ಹೇಳ್ಬೇಕಾ?”

“ನಿನ್ನ ಮಗನ ಮೇಲೆ ಹೇಳಿದ್ಯಲ್ಲ,” ಎಂದ ಕಾಂತರಾಜು.

ತಟ್ಟೆಯಲ್ಲಿ ಇನ್ನೂ ಐದು ಉಂಡೆ ಉಳಿದಿದ್ದವು. ಅವನು ತಟ್ಟೆಯನ್ನು ಸರಿಸಿ, “ರಮ್ಯ, ಅನ್ನ ಇದ್ರೆ ಚಮಚದ ಜೊತೆ ಕೊಡು,” ಎಂದ.

ಅಂದಿನಿಂದ ಅವನು ಮುದ್ದೆ ತಿನ್ನಲಿಲ್ಲ. ಮುನಿತಾಯಮ್ಮನ ಜೊತೆ ಮಾತು ಬಿಟ್ಟ ಎಂದೇನಲ್ಲ. ‘ಸ್ನಾನಕ್ಕೆ ನೀರು ಕಾದಿದೆಯಾ’, ‘ಗ್ಯಾಸಿನವನು ಬಂದಿದ್ದ’, ಇಷ್ಟು ನಡೆಯುತ್ತಿತ್ತು. ಎಡಗೈಯಲ್ಲಿ ಸಹಿ ಹಾಕಲು ನಿಖಿತಾಳ ಹಳೇ ನೋಟ್‌ಬುಕ್ಕಿನಲ್ಲಿ ಅಭ್ಯಾಸ ಮಾಡುತ್ತಿದ್ದ. ರಮ್ಯ ಓವರ್‌ಟೈಮ್ ಮಾಡಿ ಎಂಟಕ್ಕೆ ಬರುತ್ತಿದ್ದಳು. ಮುನಿತಾಯಮ್ಮ ಎಂಟು ಸೇರು ಅಕ್ಕಿ ನೆನೆಸುತ್ತಿದ್ದವಳು ಎರಡಕ್ಕೆ ಇಳಿದಳು. ಗ್ರೈಂಡರನ್ನು ಎಲ್ಲರಿಗೂ ಕಾಣುವಂತೆ ಬಾಗಿಲ ಬಳಿಗೆ ಎಳೆದು, ಹುಣಸೆಹಣ್ಣು ಹಾಕಿ ತಿಕ್ಕಿದಳು. ಹಾದು ಹೋಗುವವರು ಬಗ್ಗಿ ಒಳಗೆ ಇಣುಕಿ ನೋಡತೊಡಗಿದಾಗ ಮತ್ತೆ ಒಳಕ್ಕೆ ಎಳೆದಳು.

“ನಿಜ ಹೇಳಿಬಿಡು ಅಜ್ಜಿ, ಹಿಟ್ಟಾದ್ರೂ ಮಾರಾಟ ಆಗುತ್ತೆ,” ಎಂದಳು ನಿಖಿತಾ.

“ನಿಂಗೆ ಮಾವ ಇಲ್ವಾ? ನಾಳೆ ನಿನ್ನ ಮದುವೆಗೆ ಮುಂದೆ ನಿಲ್ಲೋರು ಯಾರು?”

“ಅಪ್ಪ ನಿಲ್ತಾರೆ.”

ಗೌರಿ ಹಬ್ಬಕ್ಕೆ ಎಂಟು ದಿನವಿರುವಾಗ ಚಿಕ್ಕಹನುಮಯ್ಯ ಕೆಂಗೇರಿಯಿಂದ ಬಂದ. ಅಕ್ಕನಿಗೆ ಗಂಡ ಹೋಗಿ ಇಪ್ಪತ್ತೆರಡು ವರ್ಷವಾಗಿದ್ದರೂ ತವರಿನ ಸೀರೆ, ಅಕ್ಕಿ, ಬೆಲ್ಲ, ಕೊಬ್ಬರಿ ಒಂದು ವರ್ಷವೂ ತಪ್ಪಿಸಿದವನಲ್ಲ. ಈ ಸಲ ಸೀರೆ ರೇಷ್ಮೆಯದಾಗಿತ್ತು. ಮನೆಯಲ್ಲಿ ಅವಳೊಬ್ಬಳೇ ಇದ್ದಳು. ರಮ್ಯ ಕೆಲಸಕ್ಕೆ, ಕಾಂತರಾಜು ಡ್ರೆಸ್ಸಿಂಗಿಗೆ ಹೋಗಿದ್ದರು.

“ಆಫೀಸಿಂದ ಭೈರನಿಗೆ ನೋಟಿಸ್ ಬಂದಿದೆ ಅಕ್ಕ. ಬುಧವಾರ ಕರೆದಿದಾರೆ. ನಿನ್ನೂ ಕರೆದಿರಬೇಕು.”

“ಹೂಂ.”

“ಕೇಸ್ ಅಂತ ಗೊತ್ತಾದ್ರೆ ಕಂಪನಿಯೋರು ಆರ್ಡರ್ ಕಿತ್ಕೋತಾರೆ. ಶೆಡ್ಡಿನ ಮೇಲೆ ಬ್ಯಾಂಕಿಂದು ಸಾಲ ಇದೆ. ನೀನೇನೂ ಹೇಳೋದು ಬೇಡ. ಹೇಳಿದ್ದನ್ನ ತಿರುಗಿಸ್ದೆ ಇದ್ರೆ ಸಾಕು. ಸುಮ್ನೆ ಮನೇಲಿರು.”

ಮುನಿತಾಯಮ್ಮ ಅವನ ಮುಂದೆ ಉಪ್ಪಿಟ್ಟಿನ ತಟ್ಟೆ ಇಟ್ಟಳು. “ಆ ಮಿಷನ್ ರಿಪೇರಿ ಮಾಡ್ಸಿದ್ನಾ?”

“ಮಾಡಿಸ್ತಾನೆ.”

“ಮಾಡ್ಸಿದ್ನಾ ಅಂತ ಕೇಳ್ದೆ.”

“ಹಬ್ಬ ಆದ್ಮೇಲೆ ಮಾಡಿಸ್ತಾನಂತೆ. ಈಗ ನಿಲ್ಸಿದ್ರೆ ಆರ್ಡರ್ ಲೇಟಾಗುತ್ತೆ.”

“ಯಾರು ಕೂರ್ತಾರೆ ಅದರಲ್ಲಿ?”

“ಯಾರೋ ಕೃಷ್ಣಪ್ಪ ಅಂತ, ಹೊಸಬ. ಉಪ್ಪಿಟ್ಟು ಚೆನ್ನಾಗಿದೆ. ದೋಸೆ ಮಾಡ್ಲಿಲ್ವಾ ಇವತ್ತು?”

ಮುನಿತಾಯಮ್ಮ ತಮ್ಮನ ಮುಖ ನೋಡಿದಳು. ಅವನು ಕುಹಕಕ್ಕೆ ಕೇಳಿರಲಿಲ್ಲ. ಕೇಳಿದ ಮೇಲೆ ಅವನಿಗೂ ಹೊಳೆಯಿತು. ತಲೆ ತಗ್ಗಿಸಿ ಉಪ್ಪಿಟ್ಟು ಮುಗಿಸಿದ.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಅವಳು ವರ್ಕ್‌ಶಾಪಿಗೆ ಹೋದಳು. ಭೈರೇಶ ಪೀಣ್ಯಕ್ಕೆ ಮಾಲು ಕೊಡಲು ಹೋಗಿದ್ದ. ಶೆಡ್ಡಿನಲ್ಲಿ ಎರಡು ಲೇತು, ಒಂದು ಡ್ರಿಲ್ಲು, ಮೂಲೆಯಲ್ಲಿ ಹಸಿರು ಬಣ್ಣದ ಪ್ರೆಸ್ಸು. ಅದರ ಮುಂದಿನ ಸ್ಟೂಲಿನ ಮೇಲೆ ಐವತ್ತು ದಾಟಿದ ಮನುಷ್ಯ ಕೂತು ಫ್ಯಾನಿನ ಯಾವುದೋ ಭಾಗಕ್ಕೆ ತಗಡು ಬಡಿಯುತ್ತಿದ್ದ. ಎಡಗೈಯಲ್ಲಿ ತಗಡು ಇಡುವುದು, ತುಳಿಯುವುದು, ಬಲಗೈಯಲ್ಲಿ ತೆಗೆಯುವುದು.

“ಯಾರು ಬೇಕಮ್ಮ?”

“ಭೈರೇಶನ ಅತ್ತೆ ನಾನು. ಕೂತಿರ್ತೀನಿ. ನೀವು ಕೆಲಸ ಮಾಡಿ.”

ಅವಳು ಖಾಲಿ ಡ್ರಮ್ಮಿನ ಪಕ್ಕದಲ್ಲಿ ಕೂತು ಕೇಳಿಸಿಕೊಂಡಳು. ಹನ್ನೊಂದು ವರ್ಷ ಪಕ್ಕದ ಕೋಣೆಯಲ್ಲಿದ್ದೇ ಗ್ರೈಂಡರಿನ ಸದ್ದಿನಿಂದ ಹಿಟ್ಟಿಗೆ ನೀರು ಸಾಕೋ ಸಾಲದೋ ಹೇಳಿದವಳು. ಪ್ರೆಸ್ಸಿಗೂ ಒಂದು ಲಯವಿತ್ತು. ತುಳಿತ, ಬಡಿತ, ತಗಡು ಡಬ್ಬಕ್ಕೆ ಬೀಳುವ ಕಿಣಿ. ತುಳಿತ, ಬಡಿತ, ಕಿಣಿ. ಕಾಲು ಗಂಟೆ ಹಾಗೇ ನಡೆಯಿತು. ಆಮೇಲೆ ಒಂದು ಸಲ ತುಳಿತ, ಬಡಿತ, ಬಡಿತ. ಮನುಷ್ಯನ ಬಲಗೈ ಇನ್ನೂ ಮೊಣಕಾಲ ಮೇಲೇ ಇತ್ತು. ಅವನು ಅವಳ ಕಡೆ ತಿರುಗಿ ನಕ್ಕ.

“ಇದಕ್ಕೆ ಒಂದೊಂದ್ಸಲ ಬಿಕ್ಕಳಿಕೆ ಬರುತ್ತಮ್ಮ.”

“ನಿಮಗೆ ಮುಂಚೆ ಇಲ್ಲಿ ಕೂರ್ತಿದ್ದೋರಿಗೆ ಏನಾಯ್ತು ಗೊತ್ತಾ ಕೃಷ್ಣಪ್ಪ?”

“ಅವರಿಗೆ ಮನೇಲಿ ಗ್ರೈಂಡರ್‌ಗೆ ಕೈ ಹೋಯ್ತಂತಲ್ಲ. ಪಾಪ. ಹೆಂಗಸರ ಕೆಲಸಕ್ಕೆ ಗಂಡಸರು ಕೈ ಹಾಕಿದ್ರೆ ಹಂಗೇ.”

“ಗ್ರೈಂಡರ್ ಅಲ್ಲ. ಇದೇ. ಹಿಂಗೇ ಎರಡು ಸಲ ಬಿತ್ತು. ನಾನು ಅವನ ತಾಯಿ.”

ಕೃಷ್ಣಪ್ಪನ ಕಾಲು ಪೆಡಲಿನಿಂದ ಕೆಳಗಿಳಿಯಿತು. ಅವನು ಪ್ರೆಸ್ಸಿನ ಬಾಯಿ ನೋಡಿದ, ಅವಳನ್ನು ನೋಡಿದ.

“ಮತ್ತೆ ಸಾವುಕಾರ್ರು ಹಂಗಂದ್ರು?”

“ಅವನಿಗಿಂತ ಮೊದಲು ಹಂಗೆ ಹೇಳಿದ್ದು ನಾನೇ. ಆಸ್ಪತ್ರೇಲಿ.”

ಅವನಿಗೆ ಅದು ಅರ್ಥವಾಗಲಿಲ್ಲ. ಆಮೇಲೆ ನೆಲದಿಂದ ಒಂದು ಉದ್ದನೆ ಕಡ್ಡಿ ಆರಿಸಿಕೊಂಡ. “ಇನ್ಮೇಲೆ ಇದರಲ್ಲಿ ತಳ್ಳಿ ತೆಗೀತೀನಮ್ಮ. ಸೆಕ್ಯೂರಿಟಿ ಕೆಲಸ ಹೋಗಿ ನಾಲ್ಕು ತಿಂಗಳಾಯ್ತು. ಬೇಡ ಅನ್ನೋಕಾಗುತ್ತಾ?” ಎಂದು ಮತ್ತೆ ಪೆಡಲಿನ ಮೇಲೆ ಕಾಲಿಟ್ಟ. ಕಡ್ಡಿಯಲ್ಲಿ ಕೆಲಸ ನಿಧಾನವಾಯಿತು. ಹತ್ತು ತಗಡಿನ ನಂತರ ಅವನು ಕಡ್ಡಿಯನ್ನು ಪಕ್ಕಕ್ಕಿಟ್ಟು ಕೈಯಲ್ಲೇ ತೆಗೆಯತೊಡಗಿದ್ದನ್ನು ಮುನಿತಾಯಮ್ಮ ನೋಡಿಯೇ ಎದ್ದಳು.

ಮನೆಗೆ ಬಂದು ಮಗನಿಗೆ ಹೇಳಿದಳು: “ಬುಧವಾರ ನಾನೂ ಬರ್ತೀನಿ.”

“ಬಂದು?”

“ಬಂದು ನೋಡು.”

ಬುಧವಾರ ಲೇಬರ್ ಆಫೀಸಿನ ವರಾಂಡದಲ್ಲಿ ಭೈರೇಶ ಮೊದಲೇ ಬಂದು ನಿಂತಿದ್ದ. ಇಸ್ತ್ರಿ ಮಾಡಿದ ಬಿಳಿ ಶರ್ಟು. ಬೆಂಚಿನ ಮೇಲೆ ಮುನಿತಾಯಮ್ಮನ ಪಕ್ಕ ಕೂತು, ರಮ್ಯಗೆ ಕೇಳಿಸದ ಹಾಗೆ ಹೇಳಿದ.

“ಅತ್ತೆ, ನೀನು ಒಳಗೆ ಹೋಗಿ ಮಾತು ತಿರುಗಿಸಿದ್ರೆ ಈ ಗೌರಿಗೆ ತಂದುಕೊಟ್ಟಿದ್ದೇ ಕೊನೆ ಅಂತ ಅಪ್ಪ ಹೇಳಿ ಕಳಿಸಿದಾರೆ.”

“ಅವನ ಬಾಯಲ್ಲಿ ಬಂದ ಮಾತಾ, ನಿನ್ನ ಬಾಯಲ್ಲಿ ಹುಟ್ಟಿದ್ದಾ?”

“ಅಪ್ಪಂದೇ.”

ಚಿಕ್ಕಹನುಮಯ್ಯ ಎರಡು ವರ್ಷದವನಿದ್ದಾಗ ಅವ್ವ ತೀರಿಕೊಂಡಿದ್ದಳು; ಎಂಟು ವರ್ಷದ ಮುನಿತಾಯಮ್ಮನೇ ಸೊಂಟದ ಮೇಲೆ ಹೊತ್ತು ಸಾಕಿದ್ದಳು. ಒಳಗಿನಿಂದ ಹೆಸರು ಕೂಗಿದರು.

ಸೌಮ್ಯಶ್ರೀ ಮೇಡಂ ಮೇಜಿನ ಒಂದು ಬದಿಗೆ ಭೈರೇಶನನ್ನೂ ಇನ್ನೊಂದು ಬದಿಗೆ ಇವರನ್ನೂ ಕೂರಿಸಿದರು. ಭೈರೇಶ, ಆ ದಿನ ಕಾಂತರಾಜು ಕೆಲಸಕ್ಕೇ ಬಂದಿರಲಿಲ್ಲ ಎಂದ. ಕಾಂತರಾಜು ಕುರ್ಚಿಯಲ್ಲಿ ಮಿಸುಕಿದ; ರಮ್ಯ ಅವನ ಮೊಣಕೈ ಹಿಡಿದಳು.

“ಆಸ್ಪತ್ರೇಲಿ ಹೇಳಿಕೆ ಕೊಟ್ಟಿದ್ದು ನೀವಾ ಅಮ್ಮ?”

“ನಾನೇ.”

“ಮನೇಲಿ ಗ್ರೈಂಡರ್‌ಗೆ ಕೈ ಸಿಕ್ಕಿತು ಅಂತ ಹೇಳಿದ್ರಾ?”

“ಹೇಳಿದೆ. ಸುಳ್ಳು ಹೇಳಿದೆ. ಇವನ ಶೆಡ್ಡಲ್ಲಿ ಪ್ರೆಸ್ಸಿಗೆ ಸಿಕ್ಕಿದ್ದು.”

“ಮೇಡಂ,” ಎಂದ ಭೈರೇಶ, “ನಮ್ಮತ್ತೆಗೆ ಅರವತ್ತೆಂಟು. ಮರೆವು. ಮನೇಲಿ ಹೇಳ್ಕೊಟ್ಟು ಕರ್ಕೊಂಡು ಬಂದಿದಾರೆ.”

ಮುನಿತಾಯಮ್ಮ ಅವನ ಕಡೆ ತಿರುಗಿದಳು. “ಮರೆವಾ? ನೀನು ಹುಟ್ಟಿದ ದಿನ ನಿಮ್ಮಮ್ಮನಿಗೆ ಏನು ಸಾರು ಮಾಡಿ ಹಾಕ್ದೆ ಅಂತ ಹೇಳ್ಲೇನೋ? ನಿನಗೆ ಹಾಲು ಹಿಡಿಸದೆ ಹಗಲೆಲ್ಲ ವಾಂತಿ ಮಾಡ್ತಿದ್ದೆಯಲ್ಲ, ಯಾವ ಡಾಕ್ಟರ್ ಹತ್ರ ಹೋದ್ವಿ ಅಂತ ಹೇಳ್ಲಾ?”

“ಅಮ್ಮ, ಅದೆಲ್ಲ ಬೇಡ,” ಎಂದರು ಸೌಮ್ಯಶ್ರೀ. ನಗು ತಡೆಯಲು ತುಟಿ ಬಿಗಿಹಿಡಿದಿದ್ದರು. “ಆವತ್ತು ಸುಳ್ಳು ಅಂತೀರಿ. ಇವತ್ತಿಂದು ನಿಜ ಅಂತ ನಾನು ಹೆಂಗೆ ಬರ್ಕೊಳ್ಳಲಿ? ಮಗನಿಗೆ ದುಡ್ಡು ಬರುತ್ತೆ ಅಂತ ಹೇಳ್ತಿರಬಹುದಲ್ಲ.”

“ಹೇಳಬಹುದು,” ಎಂದಳು ಮುನಿತಾಯಮ್ಮ. “ನಮ್ಮ ಬೀದಿಗೆ ಬಂದು ಕೇಳಿ. ಆ ಸುಳ್ಳಿನಿಂದ ನನ್ನ ಹಿಟ್ಟು ಯಾರೂ ಮುಟ್ತಿಲ್ಲ. ಆದ್ರೂ ಒಂದೂವರೆ ತಿಂಗಳು ನುಂಗ್ಕೊಂಡು ಕೂತಿದ್ದೆ. ಯಾಕೆ ಅಂದ್ರೆ ಇವನು ನಮ್ಮ ಹುಡುಗ. ಆಟೋ ಸಿಗ್ನಲಲ್ಲಿ ನಿಂತಿದ್ದಾಗ, ಫ್ಯಾಕ್ಟರಿ ಅಂದ್ರೆ ಡಾಕ್ಟರ್ ಮುಟ್ಟಲ್ಲ, ಮನೇಲಿ ಆಯ್ತು ಅನ್ನು ಅಂದ. ಕವರ್ ಇವನ ಕೈಯಲ್ಲಿತ್ತು. ಭೈರ, ಅಂದ್ಯೋ ಇಲ್ವೋ ನೀನೇ ಹೇಳು. ನಾನು ಹೇಳಿದ್ರೆ ಮರೆವು ಅಂತೀಯ.”

ಭೈರೇಶ ಮೇಜಿನ ಮೇಲಿನ ಪೇಪರ್‌ವೇಟ್ ನೋಡುತ್ತಿದ್ದ. ಅಂದೆ ಎನ್ನಲಿಲ್ಲ. ಅಂದಿಲ್ಲ ಎಂದೂ ಎನ್ನಲಿಲ್ಲ. ಸೌಮ್ಯಶ್ರೀ ಅವನಿಗೆ ಸಾಕಷ್ಟು ಸಮಯ ಕೊಟ್ಟರು. ಆಮೇಲೆ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು ನೋಡಿ, ಕಂಪ್ಯೂಟರಿನ ಕಡೆ ತಿರುಗಿದರು.

“ಇನ್ನೊಂದು ಬರ್ಕೊಳ್ಳಿ,” ಎಂದಳು ಮುನಿತಾಯಮ್ಮ. “ಆ ಮಿಷನ್ ಈಗ್ಲೂ ಓಡ್ತಿದೆ. ಹೋದ ವಾರ ನನ್ನ ಕಣ್ಣೆದುರು ಡಬಲ್ ಹೊಡೀತು. ಕೃಷ್ಣಪ್ಪ ಅಂತ ಒಬ್ಬರು ಕೂರ್ತಾರೆ. ಅವರ ಕೈ ಇನ್ನೂ ನೆಟ್ಟಗಿದೆ.”

“ಮಿಷನ್ ವಿಷಯ ಫ್ಯಾಕ್ಟರಿ ಇನ್ಸ್‌ಪೆಕ್ಟರ್‌ಗೆ ಹೋಗ್ಬೇಕು. ಬರೆದು ಕಳಿಸ್ತೀನಿ. ಕಂಪ್ಲೇಂಟ್ ನಿಮ್ಮ ಹೆಸರಲ್ಲೇ ಹಾಕ್ಲಾ?”

“ಹಾಕಿ.”

“ತಂದೆ ಅಥವಾ ಗಂಡನ ಹೆಸರು?”

“ತಂದೆ ಹೆಸರೇ ಬರ್ಕೊಳ್ಳಿ. ಮುನಿಹನುಮಯ್ಯ.”

ಭೈರೇಶ ತಲೆ ಎತ್ತಿದ. ಅದು ಅವನ ತಾತನ ಹೆಸರು. ಮುನಿತಾಯಮ್ಮ ಅವನ ಕಡೆ ನೋಡಲಿಲ್ಲ. ಮೇಡಂ ಅಕ್ಷರ ಸರಿಯಾಗಿ ಹಾಕುತ್ತಾರೋ ಇಲ್ಲವೋ ಎಂದು ಪರದೆ ನೋಡುತ್ತಿದ್ದಳು.

ಪ್ರಿಂಟು ಬಂತು. ಸೌಮ್ಯಶ್ರೀ ಎರಡು ಹಾಳೆಯನ್ನೂ ಓದಿ ಹೇಳಿದರು. ಇದನ್ನು ಇಟ್ಟುಕೊಂಡು ಕೋರ್ಟಿಗೆ ಅರ್ಜಿ ಹಾಕಬಹುದು, ಅಲ್ಲಿಯೂ ಇವರೇ ಬಂದು ಇದನ್ನೇ ಹೇಳಬೇಕಾಗುತ್ತದೆ, ಎಷ್ಟು ದಿನ ಹಿಡಿಯುತ್ತದೆಂದು ಈಗ ಹೇಳಲು ಬರುವುದಿಲ್ಲ ಎಂದರು. ಮುನಿತಾಯಮ್ಮ ಎರಡೂ ಹಾಳೆಗೆ ಸಹಿ ಹಾಕಿದಳು. ಪೆನ್ನು ವಾಪಸ್ ಕೊಡುತ್ತಾ ಕೇಳಿದಳು:

“ಆ ಗ್ರೈಂಡರ್ ಅಂತ ಬರೆದಿದ್ದನ್ನ ತೆಗೆದು ಹಾಕ್ತೀರಾ?”

“ಆಸ್ಪತ್ರೆ ಕಾಗದ ಅಲ್ವಾ ಅಮ್ಮ, ಅದನ್ನ ತೆಗೆಯೋಕೆ ಬರಲ್ಲ. ಅದೂ ಫೈಲಲ್ಲಿ ಇರುತ್ತೆ, ಇದೂ ಇರುತ್ತೆ.”

“ಎರಡೂ?”

“ಎರಡೂ.”

ಮುನಿತಾಯಮ್ಮ ಫೈಲಿನ ಕಡೆ ಬಗ್ಗಿ ನೋಡಿದಳು. “ಮೇಲೆ ಯಾವುದಿರುತ್ತೆ?”

ಸೌಮ್ಯಶ್ರೀ ಫೈಲು ಬಿಚ್ಚಿ, ಹೊಸ ಹಾಳೆಗಳಿಗೆ ತೂತು ಹೊಡೆದು ದಾರಕ್ಕೆ ಪೋಣಿಸುತ್ತಿದ್ದರು. “ಕೊನೇಲಿ ಬಂದಿದ್ದು ಮೇಲಿರುತ್ತಮ್ಮ.”

ಅವರು ದಾರ ಬಿಗಿದು ಗಂಟು ಹಾಕುವವರೆಗೂ ಮುನಿತಾಯಮ್ಮ ಕುರ್ಚಿಯಿಂದ ಏಳಲಿಲ್ಲ.